ಸಮಪಾಲು

ಹಾಲಿಗೆ ಆಲ್ಕೋಹಾಲು ಬೆರೆಸುವುದೇ ನನ್ನ ಕೆಲಸ.
ನಗಬೇಡಿ. ಆರು ವರ್ಷವಾಯಿತು, ಹಾಸನದ ಡೈರಿಯಲ್ಲಿ.
ಬೆಳಗಿನ ಏಳಕ್ಕೆ ಕ್ಯಾನುಗಳು ಸಾಲು ನಿಂತರೆ
ಒಂದೊಂದರಿಂದ ಐದೈದು ಎಂಎಲ್ಲು,
ಅಷ್ಟೇ ಆಲ್ಕೋಹಾಲು, ಸಮಪಾಲು.
ಗಾಜಿನ ನಳಿಗೆ ಹೆಬ್ಬೆರಳು ಮುಚ್ಚಿ ಬೋರಲು ಮಾಡಿ
ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ:
ಹರಳು ಅಂಟಿದರೆ ವಾಪಸ್ಸು,
ನುಣ್ಣಗೆ ಇಳಿದರೆ ಒಳಗೆ.
ದುದ್ದದ್ದು, ಕಟ್ಟಾಯದ್ದು, ಶಾಂತಿಗ್ರಾಮದ್ದು,
ಯಾವ ಹಸುವೆಂದು ಕೇಳಿದವಳಲ್ಲ,
ನಿನ್ನೆ ಸಂಜೆ ಎಲ್ಲಿಗೆ ಹೋಗಿತ್ತೆಂದೂ.

ಈಗ ರಜೆ. ಮಗನಿಗೆ ಐದನೇ ತಿಂಗಳು.
ಈಗ ನಾನೇ ಕ್ಯಾನು.
ಬದನೆಕಾಯಿ ತಿಂದರೆ ಕೂಸಿಗೆ ಕಜ್ಜಿ,
ತಲೆಗೆ ನೀರು ಹಾಕಿಕೊಂಡರೆ ಕೂಸಿಗೆ ನೆಗಡಿ,
ಪಕ್ಕದ ಮನೆಯ ಸಾವಂತ್ರಮ್ಮ ಕಾಂಪೌಂಡಿನಾಚೆಯಿಂದಲೇ
ನನ್ನ ಫ್ಯಾಟು ಇಷ್ಟು ಎಂದು ಹೇಳಿಬಿಡುತ್ತಾರೆ.

ಹೆತ್ತ ಒಂಬತ್ತನೇ ರಾತ್ರಿ ಅತ್ತೆ
ಕೋಳಿಸಾರಿನ ಹಿಂದೆಯೇ ಎರಡು ಚಮಚ ಬ್ರಾಂದಿ ತಂದರು.
'ಮೂಗ್ ಮುಚ್ಕೊಂಡ್ ಕುಡಿ, ನರ ಗಟ್ಟಿಯಾಯ್ತವೆ.'
ಲೇಹದ ಡಬ್ಬಿಯ ಮಗ್ಗುಲಿಗೆ, ದೇವರ ಫೋಟೋದ ಕೆಳಗೆ
ಆ ಬಾಟಲಿ ಹಿರಿಯರ ಹಾಗೆ ಕೂತಿತ್ತು.
ನಾನು ಮುಖ ಹುಳ್ಳಗೆ ಮಾಡಿದೆ,
ಅಷ್ಟಕ್ಕೇ ಅದು ಔಷಧಿಯಾಯಿತು.

ಮೊನ್ನೆ ಶನಿವಾರ, ಪೆನ್ಷನ್ ಮೊಹಲ್ಲಾದ ಮನೆಯಲ್ಲಿ
ಲ್ಯಾಬಿನ ಫ್ಲೇವಿಯಾ ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿದಳು.
ಖಾಯಂ ಆದ ಆದೇಶ ಮೇಜಿನ ಮೇಲೆ,
ದ್ರಾಕ್ಷಿ ವೈನು ಸ್ಟೀಲ್ ಲೋಟದಲ್ಲಿ.
ಒಂದೇ ಲೋಟ.
ಮೂಗು ಮುಚ್ಚಲಿಲ್ಲ.
ಹದಿನಾಲ್ಕು ತಿಂಗಳ ಮೇಲೆ ನಾಲಗೆ ನನ್ನದಾಗಿತ್ತು,
ಏನೋ ಒಂದು ಮಾತಿಗೆ, ಏನೆಂದು ಮರೆತಿದೆ,
ಕೆನ್ನೆ ನೋಯುವಷ್ಟು ನಕ್ಕೆ.

ಏಳಕ್ಕೆ ಮನೆ. ಮಗ ಕಿರುಚುತ್ತಿದ್ದ.
ಅತ್ತೆ ಹತ್ತಿರ ಬಂದವರು ನಿಂತರು, ಮೂಸಿದರು.
'ಮೊಲೆ ಕೊಡ್ಬ್ಯಾಡ.'
ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ಬೆಳಿಗ್ಗೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ
ಹನಿ ಹನಿ ಕುಡಿಸುತ್ತ ನನ್ನತ್ತ ಬೆನ್ನು ಹಾಕಿದರು.

ಎಂಟೂವರೆಗೆ ಲೋಹಿತ ಬಂದ,
ವಾರಾಂತ್ಯದ ಮೂರು ಪೆಗ್ಗಿನ ಹದದಲ್ಲಿ,
'ನನ್ನ ಬಂಗಾರ' ಎಂದು ಮಗನ ಮುಖಕ್ಕೆ ಮುಖ ಒತ್ತಿದ.
ಯಾರೂ ಮೂಸಲಿಲ್ಲ.

ಬಚ್ಚಲಲ್ಲಿ ಚಿಲಕ ಹಾಕಿ ಹಿಂಡಿದೆ.
ಎದೆ ಕಲ್ಲಾಗಿತ್ತು, ಭಯವೂ ಅಷ್ಟೇ ಗಟ್ಟಿ.
ಲೀಟರಿಗೆ ಎಷ್ಟೆಂದು ಪೈಸೆಯವರೆಗೆ ಬಲ್ಲವಳು
ಬೆಲೆಯಿಲ್ಲದ ಹಾಲನ್ನು ಮೋರಿಗೆ ಬಿಟ್ಟೆ.
ಆಲ್ಕೋಹಾಲು ಎನ್ನುವ ಮಾತಿನ ಬಾಲದಲ್ಲೂ ಹಾಲಿದೆಯಲ್ಲ,
ಆ ಹೊತ್ತಿನಲ್ಲಿ ಹೊಳೆದದ್ದು ಇಂಥ ಹುಚ್ಚು.

ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿದೆ.
'ಹಿಂಡಿ ಚೆಲ್ಲಿದರೆ ಬೇಗ ಹೋಗೋದಿಲ್ಲಮ್ಮ.
ರಕ್ತದಿಂದ ಇಳಿದ ಹಾಗೇ ಹಾಲಿನಿಂದಲೂ ತಾನೇ ಇಳಿಯತ್ತೆ.
ಮೊದಲು ಮಗೂಗೆ ಕುಡಿಸಿ ಹೋಗು,
ಒಂದೇ ಲೋಟ, ಆಮೇಲೆ ಎರಡು ಮೂರು ಗಂಟೆ ತಡಿ.
ಅಪರೂಪಕ್ಕೆ ಸರಿ, ಅಭ್ಯಾಸ ಬೇಡ.'
ಇಡುವ ಮೊದಲು, ತಗ್ಗಿದ ದನಿಯಲ್ಲಿ:
'ಚೆನ್ನಾಗಿತ್ತಾ ವೈನು?'
ಅದನ್ನು ಕೇಳಿದವರು ಅವರೊಬ್ಬರೇ.
ನನಗೆ ಅಳು ಬಂತು.

ದೇವರ ಫೋಟೋದ ಕೆಳಗೆ ಬಾಟಲಿ ಇರಲಿಲ್ಲ.
ಮಧ್ಯಾಹ್ನ ಸಿಕ್ಕಿತು, ರಾಗಿ ಡ್ರಮ್ಮಿನ ಹಿಂದೆ.
ಅತ್ತೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಆ ರಾತ್ರಿ, ಹತ್ತೂವರೆ,
ಗಡಿಯಾರ ನೋಡಿ ನೋಡಿ ಕಣ್ಣು ಉರಿದ ಮೇಲೆ
ಮಗನನ್ನು ಎದೆಗೆ ಹಾಕಿಕೊಂಡೆ.
ಗಟಗಟನೆ ಕುಡಿದ, ಕೋಪದಲ್ಲಿ ಕುಡಿದ ಹಾಗೆ.
ತುಟಿಯಂಚಿನಿಂದ ಜಾರಿದ ಒಂದು ಹನಿಯನ್ನು
ಬೆರಳ ತುದಿಯಲ್ಲಿ ಬೀದಿದೀಪಕ್ಕೆ ಹಿಡಿದೆ,
ಕೆಲಸದ ಚಾಳಿ.
ಹರಳಿರಲಿಲ್ಲ.

ಗೊತ್ತು, ಅದರಿಂದ ಏನೂ ತಿಳಿಯುವುದಿಲ್ಲ.
ನಮ್ಮ ಲ್ಯಾಬಿನ ಆ ಪರೀಕ್ಷೆ ಕೂಡ
ಹಾಲು ಒಳ್ಳೆಯದೋ ಕೆಟ್ಟದ್ದೋ ಹೇಳುವುದಿಲ್ಲ,
ಕುದಿಸಿದರೆ ತಡೆದೀತೇ ಎಂದು ಕೇಳುತ್ತದೆ,
ಅಷ್ಟೇ.